ಬೀಗರು ಅನ್ನೋ ಫೋಲ್ಡರು

ಕಡಲೆಕಾಯಿ ಎಣ್ಣೆ ತೆಗೆಯುವ ಮಿಲ್ಲಿನ ವಾಸನೆ ಬಿಸಿಲಿಗೆ ಒಂದು ಥರ, ಮಳೆಗೆ ಇನ್ನೊಂದು ಥರ. ಬಿಸಿಲಲ್ಲಿ ಅದು ಹುರಿದ ಬೀಜದಂತೆ ಹಸಿವು ಹುಟ್ಟಿಸುತ್ತದೆ. ಮಳೆಯಲ್ಲಿ ಒದ್ದೆ ಹಿಂಡಿಯ ಜಿಡ್ಡು ಬೆರೆತು ಮೈಗೇ ಅಂಟಿಕೊಳ್ಳುತ್ತದೆ. ಹೋದ ತಿಂಗಳು ದುರ್ಗದಿಂದ ಬಳ್ಳಾರಿಗೆ ಹೋಗುವಾಗ ಬಸ್ಸು ಚಳ್ಳಕೆರೆಯಲ್ಲಿ ನಿಂತಿತು. ಸಣ್ಣಗೆ ಹನಿಯುತ್ತಿತ್ತು. ಕಿಟಕಿಯ ಗಾಜು ಸರಿಸಿದ ಕೂಡಲೇ ಆ ಎರಡನೆಯ ವಾಸನೆ ಮುಖಕ್ಕೆ ಬಡಿಯಿತು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದರು. ನನಗೆ ನಗು ಬಂತು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಆ ವರ್ಷದ ಹಿಂಗಾರು ಪೂರ್ತಿ ನನ್ನ ಬಟ್ಟೆ, ತಲೆಕೂದಲು, ಬುತ್ತಿ ಡಬ್ಬಿ ಎಲ್ಲಕ್ಕೂ ಇದೇ ವಾಸನೆ ಇತ್ತು.

ಆಗ ನಾನು ಚಳ್ಳಕೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಸೆಂಟರ್ ಇದ್ದದ್ದು ಎಣ್ಣೆ ಮಿಲ್ಲೊಂದರ ಮಹಡಿಯ ಮೇಲೆ. ಕೆಳಗೆ ಯಂತ್ರ ಶುರುವಾದರೆ ಮೇಲೆ ಮಾನಿಟರುಗಳು ಭಜನೆ ಕೇಳುವವರ ಹಾಗೆ ತಲೆಯಾಡಿಸುತ್ತಿದ್ದವು. ಕೀಬೋರ್ಡಿನ ಮೇಲೆ ಧೂಳು ಕೂರುವುದು ಎಲ್ಲ ಊರಲ್ಲೂ ಇದ್ದದ್ದೇ. ನಮ್ಮಲ್ಲಿ ಧೂಳಿಗೆ ಎಣ್ಣೆ ಬೆರೆತು ಚಟ್ನಿಪುಡಿಯಂತಾಗಿ, ‘ಎಂಟರ್’ ಒತ್ತಿದರೆ ಒತ್ತಿದಲ್ಲೇ ಕಚ್ಚಿಕೊಳ್ಳುತ್ತಿತ್ತು. ಅದನ್ನು ಮೀಟಿ ಎಬ್ಬಿಸಲೆಂದೇ ನಾನು ತಲೆಯಲ್ಲಿ ಒಂದು ಪಿನ್ನು ಹೆಚ್ಚಿಗೆ ಸಿಕ್ಕಿಸಿಕೊಂಡು ಬರುತ್ತಿದ್ದೆ. ನಮ್ಮ ಮನೆ ಪರಶುರಾಂಪುರದ ಆಚೆಯ ಒಂದು ಹಟ್ಟಿಯಲ್ಲಿ. ಅಪ್ಪನಿಗೆ ಕುರಿ, ಒಂದಿಷ್ಟು ಕಡಲೆಕಾಯಿ ಹೊಲ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವ ಮಗಳ ಕೆಲಸವೇನೆಂದು ಯಾರಾದರೂ ಕೇಳಿದರೆ ಅಪ್ಪ, “ಎಣ್ಣೆ ಮಿಲ್ಲಲ್ಲಿ ಅವ್ಳೆ” ಎಂದುಬಿಡುತ್ತಿದ್ದ. ನನ್ನ ಬಟ್ಟೆಯ ವಾಸನೆ ನೋಡಿದವರು ಮತ್ತೆ ಪ್ರಶ್ನೆ ಕೇಳುತ್ತಿರಲಿಲ್ಲ.

ಆ ಸೆಂಟರಿಗೆ ಪ್ರತಿ ಸಂಜೆ ತಿಪ್ಪೇಸ್ವಾಮಿ ಮೇಷ್ಟ್ರು ಬರುತ್ತಿದ್ದರು. ಊರಿನ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು. ಮೂಲ ಮೊಳಕಾಲ್ಮೂರಿನ ನೇಕಾರರ ಮನೆಯವರು. ಮಗ್ಗ ಬಿಟ್ಟು ಚಾಕ್ ಹಿಡಿದವರು. ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸುವ, ಪುಕ್ಕಟೆ ಸಿಗುವ ಲಿನಕ್ಸ್ ಎಂದರೆ ಅವರಿಗೆ ವ್ರತ. ಕೆಲವರು ಈರುಳ್ಳಿ ಮುಟ್ಟುವುದಿಲ್ಲ, ಮೇಷ್ಟ್ರು ವಿಂಡೋಸ್ ಮುಟ್ಟುತ್ತಿರಲಿಲ್ಲ. ಯಾವುದಾದರೂ ಹುಡುಗಿಯ ವಿಂಡೋಸ್ ಕಂಪ್ಯೂಟರ್ ನಿಂತುಹೋಗಿ “ಸಾರ್, ಸ್ವಲ್ಪ ನೋಡ್ರಿ” ಎಂದು ಕರೆದರೆ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮಾರು ದೂರ ನಿಂತು, “ಎಡಗಡೆ ಒತ್ತಮ್ಮ... ಅಲ್ಲ, ಅದಲ್ಲ...” ಎಂದು ಬಾಯಲ್ಲೇ ರಿಪೇರಿ ಮಾಡುತ್ತಿದ್ದರು. ಲಿನಕ್ಸನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಮಗೆ ಬೇಕಾದ ಹಾಗೆ ಕಟ್ಟಬಹುದು, ಹಂಚಬಹುದು. ಬೀಗ ಹಾಕಿ ಮಾರುವ ವಿದ್ಯೆ ವಿದ್ಯೆಯೇ ಅಲ್ಲ ಎನ್ನುವುದು ಅವರ ಮಾತು. ನನಗೆ ಪ್ರೋಗ್ರಾಮು ಬರೆಯಲು ನಿಜವಾಗಿ ಕಲಿಸಿದವರೂ ಅವರೇ.

ಮೂರನೆಯವನು ಇಮ್ತಿಯಾಜ್. ಮಿಲ್ಲಿನ ಮೆಟ್ಟಿಲ ಕೆಳಗೆ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ಎರಡು ಮಕ್ಕಳ ತಂದೆ, ಯಾವುದಕ್ಕೂ ಸಿಟ್ಟು ಮಾಡದವನು. ಬಿಚ್ಚಿದ ಕಂಪ್ಯೂಟರಿನೊಳಗೆ ಜಿರಳೆ ಸಿಕ್ಕಿದರೆ “ಅರೆ, ಇಲ್ಲೇ ಇದ್ಯಾ” ಎಂದು ಮಾತಾಡಿಸಿ ಹೊರಗೆ ಬಿಡುತ್ತಿದ್ದ.

ನಾವು ಮೂವರೂ ಸೇರಿ ಆ ವರ್ಷ ಕನ್ನಡದ ಒಂದು ಲಿನಕ್ಸ್ ಸೀಡಿ ಕಟ್ಟುತ್ತಿದ್ದೆವು. ಶಾಲೆಗಳಿಗೆ ಹಂಚುವುದು ಉದ್ದೇಶ. ಕಂಪ್ಯೂಟರಿಗೆ ಆ ಸೀಡಿ ಹಾಕಿ ಸ್ವಿಚ್ ಒತ್ತಿದರೆ ಸಾಕು, ಒಳಗಿನ ವಿಂಡೋಸನ್ನು ಮುಟ್ಟದೆ ಸೀಡಿಯಿಂದಲೇ ಲಿನಕ್ಸ್ ಎದ್ದು ಕನ್ನಡದಲ್ಲಿ ಮಾತಾಡಿಸಬೇಕು. ಹೆಸರು ಏನಿಡುವುದೆಂದು ವಾರಗಟ್ಟಲೆ ಚರ್ಚೆಯಾಯಿತು. ಮೇಷ್ಟ್ರು ಸಂಸ್ಕೃತದ ದೊಡ್ಡ ದೊಡ್ಡ ಹೆಸರು ತಂದರು. ನಾನು ಸುಮ್ಮನೆ, “ಹಟ್ಟಿ ಅಂತ ಇಡಾಣ ಸಾರ್” ಎಂದೆ. ಅದೇ ಉಳಿಯಿತು. ಹಟ್ಟಿಯೊಳಗೆ ಕನ್ನಡ ಬರೆಯುವ ಪ್ರೋಗ್ರಾಮು, ಮಗ್ಗಿ ಕಲಿಸುವ ಆಟ, ಇಮ್ತಿಯಾಜನ ಪ್ರೀತಿಯ ಚೆಸ್ಸು, ಎಲ್ಲಕ್ಕಿಂತ ಮೇಲಾಗಿ ಮೇಷ್ಟ್ರು ಸ್ವತಃ ಬರೆದ ‘ಅಂಚು’. ಅದು ಸೀರೆಯ ಅಂಚು, ಬುಟ್ಟಾ, ಸೆರಗಿನ ಚಿತ್ತಾರವನ್ನು ಚೌಕಳಿ ಹಾಳೆಯ ಮೇಲೆ ಬಿಡಿಸಿದಂತೆ ಕಂಪ್ಯೂಟರಿನಲ್ಲಿ ಬಿಡಿಸುವ ಪ್ರೋಗ್ರಾಮು. ಒಂದು ನವಿಲು ಬರೆದರೆ ಅಂಚಿನುದ್ದಕ್ಕೂ ನವಿಲು ಸಾಲುಗಟ್ಟುತ್ತಿತ್ತು. ಮೇಷ್ಟ್ರ ಅಪ್ಪ ಕಣ್ಣಿಗೆ ಬುಡ್ಡಿದೀಪ ಹಿಡಿದು ಮಾಡುತ್ತಿದ್ದ ಕೆಲಸ ಅದು.

ಆ ‘ಅಂಚು’ವಿನಿಂದಲೇ ಜಗಳ ಶುರುವಾದದ್ದು.

ಮೇಷ್ಟ್ರ ಹೆಂಡತಿ ಸಾವಿತ್ರಕ್ಕನ ತವರು ಮೊಳಕಾಲ್ಮೂರು. ಅವರ ತಮ್ಮ ನಾಗೇಂದ್ರ ಅಲ್ಲಿ ಮಗ್ಗದವರಿಗೆ ಸೀರೆ ಡಿಸೈನು ಬರೆದುಕೊಡುತ್ತಿದ್ದ. ಅವನ ಹತ್ತಿರ ಹಳೆಯ ವಿಂಡೋಸಿನ ಒಂದು ಕಂಪ್ಯೂಟರ್, ಅದರಲ್ಲಿ ಯಾವುದೋ ಕಂಪನಿಯ ಡಿಸೈನ್ ಪ್ರೋಗ್ರಾಮು. ಆ ಪ್ರೋಗ್ರಾಮಿಗೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಹೆಬ್ಬೆರಳಷ್ಟು ದಪ್ಪದ ಒಂದು ಬೀಗ. ಬೀಗ ಅಲ್ಲಾಡಿದರೆ ಪ್ರೋಗ್ರಾಮು ಏಳುತ್ತಿರಲಿಲ್ಲ. ಭಾದ್ರಪದದ ಒಂದು ಮಧ್ಯಾಹ್ನ ನಾಗೇಂದ್ರ ಒಂದು ಚೀಲ ಸೀತಾಫಲ ಹೊತ್ತು ಸೆಂಟರಿನ ಮೆಟ್ಟಿಲು ಹತ್ತಿ ಬಂದ. ತಲೆಯಿಂದ ನೀರು ಇಳಿಯುತ್ತಿತ್ತು. ನಮ್ಮ ಕಡೆ ಛತ್ರಿ ಇಟ್ಟುಕೊಳ್ಳುವ ಅಭ್ಯಾಸವೇ ಇಲ್ಲ. ಆ ವರ್ಷ ಮಳೆ ಬಿದ್ದದ್ದೇ ಬಿದ್ದದ್ದು, ಊರಿನ ಜನವೆಲ್ಲ ತಲೆಯ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಓಡಾಡುತ್ತಿತ್ತು.

“ಬಾವಾ, ಆ ಬೀಗ ಎರಡು ದಿನ ಇದ್ರೆ ಮೂರು ದಿನ ಇರಲ್ಲ. ಸಾಕಾಗೋಗೈತೆ. ನೀವು ಬರ್ದಿರೋ ಅಂಚು ನನಗೆ ಕೊಡ್ರಿ” ಎಂದ.

ಮೇಷ್ಟ್ರ ಮುಖ ಅರಳಿತು. “ಕೊಡ್ತೀನಪ್ಪ! ಲಿನಕ್ಸ್ ಹಾಕ್ಕೊಡ್ತೀನಿ, ಇವತ್ತೇ ಹಾಕ್ಕೊಡ್ತೀನಿ.”

“ಲಿನಕ್ಸ್ ಬ್ಯಾಡ ಬಾವ. ಹಳೇ ಡಿಸೈನೆಲ್ಲ ಆ ಕಂಪನಿ ಪ್ರೋಗ್ರಾಮಲ್ಲೇ ಅದಾವೆ. ಬೀಗ ನೆಟ್ಟಗಿರೋ ದಿನ ಅದೂ ಬೇಕು. ನನ್ನ ವಿಂಡೋಸಲ್ಲಿ ಓಡೋದು ಒಂದು ಕೊಡ್ರಿ ಅಂತ.”

ಅರಳಿದ ಮುಖ ಹಾಗೇ ಮುದುಡಿತು. “ಅದು ಆಗಲ್ಲ ನಾಗೇಂದ್ರ. ಬೇಕಾದ್ರೆ ನೀನೇ ಈ ಕಡೆ ಬಾ.”

“ಸರೇ ಬಾವ” ಎಂದು ನಾಗೇಂದ್ರ ಸೀತಾಫಲದ ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು ಇಳಿದುಹೋದ. ಹಣ್ಣನ್ನಾದರೂ ಬಿಟ್ಟು ಹೋಗುತ್ತಾನೆಂದು ನಾನು ನೋಡುತ್ತಿದ್ದೆ. ಅವನು ನೇರ ಅಕ್ಕನ ಮನೆಗೆ ಹೋಗಿ, ಹಣ್ಣನ್ನೂ ದೂರನ್ನೂ ಅಲ್ಲಿ ಇಳಿಸಿದ.

ಮಾರನೆಯ ಸಂಜೆ ನಾವು ಮೂವರೂ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದಾಗ ಇಮ್ತಿಯಾಜ್ ಮೆತ್ತಗೆ ಮಾತು ತೆಗೆದ. “ಸಾರ್, ಕೋಪ ಮಾಡ್ಕಬ್ಯಾಡ್ರಿ. ಲಿನಕ್ಸ್ ಮೇಲೆ ಕೂತೇ ವಿಂಡೋಸಿಗೆ ಪ್ರೋಗ್ರಾಮ್ ಕಟ್ಟಬೋದು. ಕ್ರಾಸ್ ಕಂಪೈಲ್ ಅಂತಾರೆ. ನೀವು ವಿಂಡೋಸ್ ಮುಟ್ಟೋದೇ ಬ್ಯಾಡ. ಇಲ್ಲೇ ಅಟ್ಟು, ಡಬ್ಬಿ ಕಟ್ಟಿ, ಅಲ್ಲಿಗೆ ಕಳ್ಸೋದು.”

ಮೇಷ್ಟ್ರು ಮೆಣಸಿನಕಾಯಿ ಕೆಳಗಿಟ್ಟರು. “ಅಟ್ಟೋದು ಯಾರ ಒಲೆ ಮೇಲೆ?”

“ನಮ್ಮ ಒಲೆ ಸಾರ್.”

“ಸೌದೆ?”

“ನಮ್ಮದೇ.”

“ಉಣ್ಣೋರು?”

“ಅವ್ರು.”

“ಮತ್ತೆ ನಮ್ಮ ಮನಿಗೆ ಯಾಕಲೇ ಬರ್ತಾರೆ ಅವ್ರು? ಕೂತಲ್ಲಿಗೇ ಊಟ ಹೋಗ್ತೈತಲ್ಲ!”

“ರುಚಿ ನೋಡಿದ್ಮೇಲೆ ಬರ್ತಾರೆ ಸಾರ್. ರುಚಿನೇ ಗೊತ್ತಿಲ್ದೋರು ಯಾಕ್ ಬರ್ತಾರೆ?” ಇಮ್ತಿಯಾಜ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. “ಬರೀ ನಾಗೇಂದ್ರಂಗೆ ಅಲ್ಲ, ನಮ್ಮ ಹಟ್ಟಿ ಸೀಡಿಯೊಳಗೇ ಒಂದು ಫೋಲ್ಡರ್ ಮಾಡಿ ಹಾಕಾಣ. ಅಂಚು, ಕನ್ನಡ ಬರೆಯೋದು, ಮಗ್ಗಿ ಆಟ ಮೂರನ್ನೂ ವಿಂಡೋಸಿಗೆ ಕಟ್ಟಿ.”

ಪಕ್ಕದ ಮೇಜಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮೇಷ್ಟ್ರು ಹೇಳಿದರು: “ಲಿನಕ್ಸ್ ಸೀಡಿ ಅಂದ್ಮೇಲೆ ಅದರಾಗಿರೋದೆಲ್ಲ ಲಿನಕ್ಸಲ್ಲಿ ಓಡ್ಬೇಕು. ಓಡದೆ ಇರೋದನ್ನ ನಾವ್ಯಾಕೆ ಹೊರಬೇಕು? ಜಾಗ ಎಲ್ಲೈತೆ? ನಾಳೆ ಅದು ಕೆಟ್ರೆ ರಿಪೇರಿ ಮಾಡೋರ್ಯಾರು? ಮನ್ಯಾಗೆ ಒಂದು ವಿಂಡೋಸ್ ಮಿಷನ್ನೂ ಇಟ್ಕಂಡಿಲ್ಲ ನಾನು!”

ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ನಾನೊಂದು ನಡುವಿನ ದಾರಿ ಹೇಳಿದೆ. ಕಟ್ಟಿದ ಪ್ರೋಗ್ರಾಮು ಬೇಡ, ಕಟ್ಟುವ ಸಲಕರಣೆಯನ್ನು ಮಾತ್ರ ಸೀಡಿಯಲ್ಲಿ ಇಡೋಣ. ವಿಂಡೋಸಿಗೆ ಬೇಕಾದವರು ತಾವೇ ಕಟ್ಟಿಕೊಳ್ಳಲಿ ಎಂದೆ. ಅಷ್ಟರವರೆಗೆ ಕಿತ್ತಾಡುತ್ತಿದ್ದ ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು. “ಹಸಿದು ಬಂದೋನಿಗೆ ಪಾತ್ರೆ ಕೊಟ್ಟು ಕಳ್ಸಿದಂಗಾಯ್ತು ರತ್ನಕ್ಕ” ಎಂದ ಇಮ್ತಿಯಾಜ್. “ಕಳ್ಳಂಗೆ ಏಣಿ ಕೊಟ್ಟಂಗಾಯ್ತು” ಎಂದರು ಮೇಷ್ಟ್ರು. ಎದ್ದು, ತಲೆಯ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಮಳೆಯಲ್ಲಿ ನಡೆದೇ ಹೋದರು. ಅವರ ಮಂಡಕ್ಕಿ ಹಾಗೇ ಇತ್ತು. ಸ್ವಲ್ಪ ಹೊತ್ತು ದುಃಖದಿಂದ ನೋಡಿ, ಆಮೇಲೆ ನಾವಿಬ್ಬರೂ ಅದನ್ನು ಹಂಚಿಕೊಂಡೆವು.

ಬಹಳ ದಿನ ಅವರು ಸೆಂಟರಿಗೆ ಬರಲಿಲ್ಲ. ಹಸ್ತದ ಮಳೆ ಹಿಡಿಯಿತು. ಕಿತ್ತ ಕಡಲೆಕಾಯಿ ಗಿಡ ಹೊಲದಲ್ಲೇ ನೆನೆಯುತ್ತಿತ್ತು, ಅಪ್ಪ ಆಕಾಶವನ್ನು ಬೈಯುವುದೋ ಹೊಗಳುವುದೋ ತಿಳಿಯದೆ ಬಾಗಿಲಲ್ಲಿ ನಿಂತಿರುತ್ತಿದ್ದ. ಇತ್ತ ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಹಟ್ಟಿ ಸೀಡಿಯ ಕೆಲಸ ಅರ್ಧಕ್ಕೆ ನಿಂತಿತು. ಕೊನೆಗೆ ನಾನೇ ಮೇಷ್ಟ್ರ ಮನೆಗೆ ಹೋದೆ.

ಅಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಸಾವಿತ್ರಕ್ಕ ತಮ್ಮನ ಪಕ್ಷ ಹಿಡಿದು ಗಂಡನೊಂದಿಗೆ ಮಾತು ಬಿಟ್ಟಿದ್ದರು. ಗಂಡ ಎದುರಿಗೇ ಕೂತಿದ್ದರೂ ನನ್ನ ಮೂಲಕ ಮಾತಾಡಿದರು.

“ರತ್ನ, ನಿಮ್ಮ ಮೇಷ್ಟ್ರಿಗೆ ಹೇಳು, ಚಟ್ನಿ ಬೇಕಿದ್ರೆ ಆ ಲಿನಕ್ಸ್‌ನೇ ಕೇಳ್ಲಿ ಅಂತ.”

ಮೇಷ್ಟ್ರು ಬರಿ ದೋಸೆ ತಿನ್ನುತ್ತಾ, “ರತ್ನ, ಇದು ತತ್ವದ ಪ್ರಶ್ನೆ ಅಂತ ಹೇಳಮ್ಮ” ಎಂದರು.

“ತತ್ವ ನನ್ ತಮ್ಮನ ಮನಿಗೆ ಬಂದಾಗ ಎಲ್ಲಿ ಹೋಗ್ತೈತೆ ಅಂತ ಕೇಳು. ಹೋಳಿಗೆ ಮೇಲೆ ಹೋಳಿಗೆ ತಿಂತಾರಲ್ಲ, ಅವ ಲಿನಕ್ಸಲ್ಲಿ ಬೇಯಿಸಿದ್ದಾ?”

ನಾನು ನಗು ನುಂಗಿಕೊಂಡು ಬಂದ ವಿಷಯ ಹೇಳಿದೆ. ‘ಅಂಚು’ವಿನ ಮೂಲವೆಲ್ಲ ಸೆಂಟರಿನಲ್ಲೇ ಇದೆ, ಅದನ್ನು ನಾನೂ ಇಮ್ತಿಯಾಜೂ ವಿಂಡೋಸಿಗೆ ಕಟ್ಟಿ ನೋಡುತ್ತೇವೆ, ನಿಮ್ಮ ಅಪ್ಪಣೆ ಬೇಕು ಎಂದೆ. ಮೇಷ್ಟ್ರು ದೋಸೆಯ ತಟ್ಟೆಯನ್ನು ಬದಿಗೆ ಸರಿಸಿದರು. ಯಾರು ಬೇಕಾದರೂ ಬದಲಿಸಬಹುದು, ಹಂಚಬಹುದು ಎಂದು ಆ ಪ್ರೋಗ್ರಾಮಿನ ತಲೆಯ ಮೇಲೆ ಬರೆದಿದ್ದವರು ಅವರೇ. “ನನ್ನ ಅಪ್ಪಣೆ ಯಾಕಮ್ಮ,” ಎಂದರು ಕಹಿಯಾಗಿ, “ಲೈಸೆನ್ಸಲ್ಲೇ ಕೊಟ್ಟುಬಿಟ್ಟೀನಲ್ಲ. ಕಟ್ಕಳ್ಳಿ.”

ಕಟ್ಟಿದೆವು. ಕಟ್ಟುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ, ಆದರೂ ಒಂದು ಭಾನುವಾರದ ಹೊತ್ತಿಗೆ ಫ್ಲಾಪಿಗಳಲ್ಲಿ ತುಂಬಿಕೊಂಡು ಮೊಳಕಾಲ್ಮೂರಿಗೆ ಹೊರಟೆವು. ಸಾವಿತ್ರಕ್ಕನೂ ತವರಿಗೆ ಹೊರಟಿದ್ದರು, ಆದ್ದರಿಂದ ಚೀಲ ಹೊರಲು ಮೇಷ್ಟ್ರೂ ಬಂದರು. ಇದು ಕೆಡುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆಯೂ ಇತ್ತು ಎಂದು ನನ್ನ ಅನುಮಾನ. ತಳಕು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ನೀರು ನಿಂತಿತ್ತು. ಹಾನಗಲ್ ಕ್ರಾಸಿನಿಂದ ಒಳಗೆ ತಿರುಗಿದರೆ ಬಂಡೆಗುಡ್ಡಗಳ ಮೇಲಿಂದೆಲ್ಲ ಸಣ್ಣ ಸಣ್ಣ ಝರಿ. ಬರಗಾಲದ ತಾಲ್ಲೂಕು ಹೊಸ ಸೀರೆ ಉಟ್ಟು ನಾಚಿಕೊಂಡು ನಿಂತ ಹಾಗಿತ್ತು.

ನಾಗೇಂದ್ರನ ಮನೆಯಲ್ಲಿ ನಡುಮನೆಯ ತುಂಬ ಮಗ್ಗ, ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಕಂಪ್ಯೂಟರ್. ಅವನು ಪ್ಲಾಸ್ಟಿಕ್ ತೆಗೆದು ಊದುಬತ್ತಿ ಹಚ್ಚಿ ಕೂತ. ಇಮ್ತಿಯಾಜ್ ಒಂದೊಂದೇ ಫ್ಲಾಪಿ ತುರುಕಿದ. ‘ಅಂಚು’ ತೆರೆಯಿತು. ನವಿಲು ಬಂತು, ಚೌಕಳಿ ಬಂತು. ಆದರೆ ಕನ್ನಡ ಅಕ್ಷರ ಇರಬೇಕಾದ ಕಡೆಯೆಲ್ಲ ಬರೀ ಖಾಲಿ ಚೌಕ. ಆ ಹಳೆಯ ವಿಂಡೋಸಿಗೆ ಕನ್ನಡವೆಂಬುದೊಂದು ಇದೆ ಎಂದೇ ಗೊತ್ತಿರಲಿಲ್ಲ.

ನಾಗೇಂದ್ರ ಕತ್ತು ಓರೆ ಮಾಡಿ ನೋಡಿದ. “ಬಾವಾ, ಬರೀ ಕಿಟಕಿ ಕಿಟಕಿ ಕಾಣ್ತೈತಲ್ಲ. ವಿಂಡೋಸ್ ಅಂದ್ರೆ ಇದೇನಾ?”

ಮೇಷ್ಟ್ರು ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದರು. ಆ ವರ್ಷದಲ್ಲೇ ಅವರ ಮುಖದ ಮೇಲೆ ಅಷ್ಟು ನೆಮ್ಮದಿಯನ್ನು ನಾನು ನೋಡಿರಲಿಲ್ಲ. “ನಾನು ಹೇಳ್ಲಿಲ್ವಾ” ಎಂದು ನನ್ನ ಕಡೆ ಹುಬ್ಬು ಹಾರಿಸಿದರು.

ನಾಗೇಂದ್ರ ಇನ್ನೊಂದೆರಡು ಕಡೆ ಒತ್ತಿ ನೋಡಿ ನಿಟ್ಟುಸಿರು ಬಿಟ್ಟ. “ಬಾವ ಬಾಳ ಚೆನ್ನಾಗಿ ಬರ್ದಾರೆ ಅಂತ ಅಕ್ಕ ಹೇಳಿದ್ಲು. ಹೋಗ್ಲಿ ಬಿಡ್ರಿ. ಕಂಪನಿಯೋರ್ದೇ ವಾಸಿ.”

ಗೋಡೆಯಿಂದ ಮೇಷ್ಟ್ರ ಬೆನ್ನು ಎದ್ದಿತು. “ಏಯ್, ನಂದು ಹಿಂಗಿಲ್ಲಪ್ಪ.”

“ಕಾಣ್ತೈತಲ್ಲ ಬಾವ.”

“ಅದು ನಂದಲ್ಲ. ಇಮ್ತಿಯಾಜ್, ಇದನ್ನ ಯಾವ ಪೆದ್ದ ಕಟ್ಟಿದ್ದು?”

“ನಾನೇ ಸಾರ್.”

“ಗೊತ್ತಾಗ್ತೈತೆ. ಏಳು ನಾಗೇಂದ್ರ, ಏಳು ಒಂದು ನಿಮಿಷ.” ಮೇಷ್ಟ್ರು ನಾಗೇಂದ್ರನನ್ನು ಎಬ್ಬಿಸಿ ತಾವು ಕೂತು, ಮೌಸ್ ಹಿಡಿದು, ಒಂದಾದ ಮೇಲೊಂದು ಮೆನು ತೆರೆದು ನೋಡತೊಡಗಿದರು. ಅಡುಗೆಮನೆಯ ಬಾಗಿಲಿಗೆ ಬಂದ ಸಾವಿತ್ರಕ್ಕ ಅದನ್ನು ನೋಡಿ, ಎಷ್ಟೋ ದಿನಗಳ ಮೌನ ಮುರಿದರು. “ಅಯ್ಯೋ ರೀ, ಮುಟ್ಟಿಬಿಟ್ರಿ!”

ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ತಾವು ಬರೆದದ್ದು ಬೇರೆಯವರ ಮನೆಯಲ್ಲಿ, ಬೇರೆಯವರ ಕಣ್ಣೆದುರು ಹೀಗೆ ಮೂಕವಾಗಿ ನಿಂತದ್ದು ಅವರಿಗೆ ತಡೆಯಲಿಲ್ಲ. ಮಾರನೆಯ ಸಂಜೆಯಿಂದ ಸೆಂಟರಿಗೆ ಬಂದು ಕೂತರು. ಅಕ್ಷರ ಜೋಡಿಸುವ ಕೆಲಸವನ್ನು ವಿಂಡೋಸಿಗೆ ಬಿಡದೆ, ಪ್ರೋಗ್ರಾಮೇ ತನ್ನ ಅಕ್ಷರಗಳ ಬುತ್ತಿಯನ್ನು ತಾನೇ ಕಟ್ಟಿಕೊಂಡು ಹೋಗುವಂತೆ ಬದಲಿಸಿದರು. ಒತ್ತಕ್ಷರ ಒಂದು ಕೂದಲೆಳೆ ಕೆಳಗೆ ಬಂದರೂ ಬಿಡಲಿಲ್ಲ. ಸ್ವಂತ ಲಿನಕ್ಸಿಗೂ ಅವರು ಅಷ್ಟು ಕಷ್ಟಪಟ್ಟದ್ದನ್ನು ನಾನು ಕಂಡಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಎಲ್ಲ ಸರಿಯಾದ ಮೇಲೆ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದರು: “ಕಟ್ಟಿದ್ದು ಕಟ್ಟಿದ್ದೇ. ಫ್ಲಾಪೀಲಿ ಕೊಡ್ರಿ. ವಿಂಡೋಸಿಗೆ ಅಂತ ಬ್ಯಾರೆ ಸೀಡಿ ಮಾಡಂಗಿಲ್ಲ, ಹಟ್ಟಿ ಸೀಡಿಯೊಳಗಂತೂ ಹಾಕಂಗೇ ಇಲ್ಲ.”

ಆದರೆ ಬುತ್ತಿ ಸೇರಿದ ಮೇಲೆ ಪ್ರೋಗ್ರಾಮು ದಪ್ಪಗಾಗಿತ್ತು. ಫ್ಲಾಪಿಗಳ ಒಂದು ಕಂತೆಯೇ ಬೇಕಾಯಿತು. ಆ ಮಳೆಗೆ ಕಂತೆಯಲ್ಲೊಂದು ಯಾವಾಗಲೂ ಥಂಡಿ ಹಿಡಿದಿರುತ್ತಿತ್ತು. ನಾಗೇಂದ್ರ ಮೊಳಕಾಲ್ಮೂರಿಗೆ ಹೋಗಿ ಒಂದೊಂದೇ ಹಾಕುತ್ತಾ ಕೊನೆಯದಕ್ಕೆ ಬರುವಷ್ಟರಲ್ಲಿ ಅದು ಕಿರ್ ಎಂದು ಕೂಗಿ ನಿಲ್ಲುತ್ತಿತ್ತು. ಮತ್ತೆ ಬಸ್ಸು ಹತ್ತಿ ಬರುತ್ತಿದ್ದ. ಒಂದು ಸಲ ಮೈಯೆಲ್ಲ ನೆಂದು, ಫ್ಲಾಪಿಗಳನ್ನು ಮಾತ್ರ ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಬಂದು, ಮೆಟ್ಟಿಲ ಮೇಲೆ ಕೂತು ಸೀನಿದ. “ರತ್ನಕ್ಕ, ದೀಪಾವಳಿಗೆ ಸೀರೆ ಕೇಳ್ಯಾರೆ. ಡಿಸೈನು ಕೊಡದಿದ್ರೆ ಮಗ್ಗದೋರು ಸುಮ್ನೆ ಕೂರ್ತಾರೆ” ಎಂದ.

ಅವತ್ತು ಇಮ್ತಿಯಾಜ್ ಮತಕ್ಕೆ ಹಾಕಿದ. ಸೀಡಿಯೊಳಗೆ ವಿಂಡೋಸಿನ ಫೋಲ್ಡರ್ ಇರಬೇಕೋ ಬೇಡವೋ? ಅವನದು ಬೇಕು. ಮೇಷ್ಟ್ರದು ಬೇಡ. ಇಬ್ಬರೂ ನನ್ನ ಕಡೆ ನೋಡಿದರು. ಕೆಳಗೆ ಮಿಲ್ಲು ಓಡುತ್ತಿತ್ತು, ಮಾನಿಟರುಗಳು ನಡುಗುತ್ತಿದ್ದವು. ಕೈಹಿಡಿದು ಕಲಿಸಿದವರ ಎದುರು ಹೇಗೆ ಕೈ ಎತ್ತುವುದು? ಎತ್ತಿದರೆ ಅವರು ಹಟ್ಟಿಯನ್ನೇ ಬಿಟ್ಟು ಹೋದರೆ? ಮೆಟ್ಟಿಲ ಮೇಲೆ ನಾಗೇಂದ್ರ ಇನ್ನೊಂದು ಸಲ ಸೀನಿದ.

“ಹಾಕಾಣ ಸಾರ್” ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಿದಷ್ಟೂ ಎಣ್ಣೆ ಹರಡಿತು. “ಆಯ್ತು. ಎರಡು ಮತ. ಸೀಡಿ ತುಂಬೈತೆ, ಏನಾದ್ರೂ ತೆಗೀಬೇಕು. ಇಮ್ತಿಯಾಜ್, ನಿನ್ನ ಚೆಸ್ಸು ತೆಗೀತೀನಿ.”

ಇಮ್ತಿಯಾಜನ ಮುಖ ಸಣ್ಣಗಾಯಿತು. ಗೆದ್ದವನು ದಂಡ ಕೊಡಬೇಕಾದ್ದು ನ್ಯಾಯವೆನ್ನಿಸಿತೋ ಏನೋ, ಹೂಂ ಎಂದ. “ಫೋಲ್ಡರಿಗೆ ಹೆಸರೇನಿಡಾಣ ಸಾರ್?”

ಮೇಷ್ಟ್ರು ಮೆಟ್ಟಿಲಲ್ಲಿ ಕೂತ ಭಾವಮೈದನನ್ನು ಒಮ್ಮೆ ನೋಡಿದರು. “ಬೀಗರು ಅಂತ ಇಡ್ರಿ. ಬ್ಯಾಡ ಅನ್ನಂಗಿಲ್ಲ, ಬರ್ರಿ ಅನ್ನಾಕೆ ಮನಸಿಲ್ಲ.”

ಸೀಡಿ ಹಂಚಿದ್ದು ಮೊಳಕಾಲ್ಮೂರಿನಲ್ಲಿ, ತಾಲ್ಲೂಕಿನ ಶಾಲಾ ಶಿಕ್ಷಕರು ಸೇರಿದ್ದ ಒಂದು ತಗಡಿನ ಮಾಡಿನ ಹಾಲಿನಲ್ಲಿ. ಮೇಷ್ಟ್ರು ಸ್ವಾತಂತ್ರ್ಯದ ಬಗ್ಗೆ, ಬಿಚ್ಚಿ ನೋಡುವ ವಿದ್ಯೆಯ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರಂತೆ. ಅಂತೆ ಎನ್ನುವುದು ಯಾಕೆಂದರೆ ಅವರು ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಚಿತ್ತಾ ಮಳೆ ತಗಡಿನ ಮೇಲೆ ಸುರಿಯಿತು. ಅವರ ತುಟಿ ಮತ್ತು ಕೈ ಅಲ್ಲಾಡಿದ್ದು ಬಿಟ್ಟರೆ ನಮಗೇನೂ ಕೇಳಿಸಲಿಲ್ಲ. ಶಿಕ್ಷಕರು ಮಳೆ ಬಂದ ಖುಷಿಗೆ ಜೋರಾಗಿ ಚಪ್ಪಾಳೆ ತಟ್ಟಿದರು.

ಕೆಲವು ದಿನ ಬಿಟ್ಟು ನಾನು ಒಂದೊಂದೇ ಶಾಲೆಗೆ ಫೋನು ಮಾಡಿ ಹೇಗಿದೆ ಎಂದು ವಿಚಾರಿಸಿದೆ. ಸೀಡಿ ಹಾಕಿ ಸ್ವಿಚ್ ಒತ್ತಿದವರು ಒಬ್ಬರೂ ಇಲ್ಲ. ಎಲ್ಲರೂ ತಮ್ಮ ವಿಂಡೋಸಿನಲ್ಲೇ ಸೀಡಿ ತೆರೆದು ನೇರ ಬೀಗರು ಫೋಲ್ಡರಿಗೆ ನುಗ್ಗಿದ್ದರು. ಒಬ್ಬ ಮೇಡಂ ತುಂಬ ಸಂತೋಷದಿಂದ, “ನಿಮ್ಮ ಬೀಗರು ಸೀಡಿ ಬಾಳ ಚೆನ್ನಾಗೈತೆ ಕಣಮ್ಮ, ಮಗ್ಗ ಇರೋ ಮನೆ ಮಕ್ಳೆಲ್ಲ ಅಂಚು ಬರೀತಾವೆ. ಹಟ್ಟಿ ಅಂತ ಒಂದು ಐತಲ್ಲ, ಅದೇನು, ಅಳಿಸಬೋದಾ?” ಎಂದರು. ನಾನು ಈ ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಕೋಪ ಮಾಡಲಿಲ್ಲ. ಅದಕ್ಕೇ ನನಗೆ ಸಂಕಟವಾಯಿತು. “ಕೂತಲ್ಲಿಗೆ ಊಟ ಹೋದ್ರೆ ಯಾರಮ್ಮ ಎದ್ದು ಬರ್ತಾರೆ” ಎಂದು ಮೆಲ್ಲಗೆ ಹೇಳಿ, ಮಿಲ್ಲಿನ ಅಂಗಳದಲ್ಲಿ ನೆನೆಯುತ್ತಿದ್ದ ಚೀಲಗಳನ್ನು ನೋಡುತ್ತಾ ನಿಂತರು. ಆ ಹೊತ್ತು ನನ್ನ ಮತವನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆನೇನೋ.

ಮಳೆ ಮುಗಿದು ಚಳಿ ಬಿತ್ತು. ಮದುವೆಯ ಸೀರೆಗಳ ಕಾಲ. ಒಂದು ಬೆಳಿಗ್ಗೆ ಮೇಷ್ಟ್ರ ಮನೆಗೆ ನಾಗೇಂದ್ರನ ಫೋನು: ವೈರಸ್ ಬಡಿದು ಕಂಪ್ಯೂಟರ್ ಮಲಗಿದೆ, ಎಬ್ಬಿಸಿದರೆ ಏಳುತ್ತಿಲ್ಲ, ಡಿಸೈನಿಗೆ ಮನೆ ಬಾಗಿಲಲ್ಲಿ ಜನ ಕೂತಿದ್ದಾರೆ. ಮೇಷ್ಟ್ರು ಕಾಲೇಜಿಗೆ ರಜೆ ಹಾಕಿ, ಹೊಸ ಅಂಗಿ ತೊಟ್ಟು, ಹಟ್ಟಿ ಸೀಡಿಯನ್ನು ಹತ್ತಿಯಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದರು. “ನೀವೂ ಬರ್ರಿ, ನೋಡಾಣಂತೆ” ಎಂದು ನನ್ನನ್ನೂ ಇಮ್ತಿಯಾಜನನ್ನೂ ಕರೆದರು. ಸಾವಿತ್ರಕ್ಕ ಹೇಗೂ ಹೊರಟೇ ಇದ್ದರು.

ದಾರಿಯುದ್ದಕ್ಕೂ ಮೇಷ್ಟ್ರು ಒಂದು ಭಾಷಣ ತಯಾರು ಮಾಡಿಕೊಳ್ಳುತ್ತಿದ್ದರು ಎಂದು ಅವರ ತುಟಿಯಿಂದಲೇ ಗೊತ್ತಾಗುತ್ತಿತ್ತು. ಈ ಸಲ ಮಳೆಯೂ ಇರಲಿಲ್ಲ.

ನಾಗೇಂದ್ರನ ನಡುಮನೆಯಲ್ಲಿ ಮಗ್ಗದವರು ಮೂರ್ನಾಲ್ಕು ಜನ ಗೋಡೆಗೆ ಒರಗಿ ಕೂತಿದ್ದರು. ಮೇಷ್ಟ್ರು ಸೀಡಿ ಹಾಕಿ ಸ್ವಿಚ್ ಒತ್ತಿದರು. ಕಂಪ್ಯೂಟರ್ ಕೆಮ್ಮಿತು, ತಿರುಗಿತು, ಸ್ವಲ್ಪ ಹೊತ್ತು ಕಪ್ಪಗೆ ಕೂತಿತು. ಆಮೇಲೆ ತೆರೆ ಬೆಳಗಿ, ‘ಹಟ್ಟಿಗೆ ಬನ್ನಿ’ ಎಂದು ಕನ್ನಡದಲ್ಲಿ ಬಂತು. ನಾಗೇಂದ್ರ ಅಂಜುತ್ತಾ ಮೌಸ್ ಹಿಡಿದ. ಎಲ್ಲ ಹೊಸದು, ಬಣ್ಣ ಬೇರೆ, ಗುಂಡಿಗಳು ಬೇರೆ ಕಡೆ. ಅವನ ಕೈ ಅಲ್ಲಿ ಇಲ್ಲಿ ತಡಕಾಡಿ ಕೊನೆಗೆ ‘ಅಂಚು’ವಿನ ಮೇಲೆ ನಿಂತಿತು. ಒತ್ತಿದ. ಅದೇ ಚೌಕಳಿ, ಅದೇ ಮೆನು, ಒತ್ತಕ್ಷರಗಳೆಲ್ಲ ಅವುಗಳ ಜಾಗದಲ್ಲಿ. ನವಿಲಿನ ಕೊಕ್ಕು ಬರೆದ, ಕತ್ತು ಬರೆದ, ಗರಿ ಬಿಚ್ಚಿದ. ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಅಂಚಿನುದ್ದಕ್ಕೂ ನವಿಲು ಸಾಲುಗಟ್ಟಿದವು. ಗೋಡೆಗೆ ಒರಗಿದ್ದವರು ಎದ್ದು ಹತ್ತಿರ ಬಂದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಭಾಷಣ ಇನ್ನೇನು ಹೊರಬೀಳಬೇಕು, ಅಷ್ಟರಲ್ಲಿ ನಾಗೇಂದ್ರ ಅವರ ಕಡೆ ತಿರುಗಿದ. ಮುಖದ ತುಂಬ ಬೆರಗು.

“ಅರೆ ಬಾವಾ! ನಮ್ಮ ವಿಂಡೋಸಿನ ಅಂಚು ಇದ್ರಾಗೂ ಓಡ್ತೈತಲ್ಲ! ಪರವಾಗಿಲ್ಲ ಕಣ್ರಿ ನಿಮ್ಮ ಲಿನಕ್ಸು. ಅಷ್ಟು ಮಟ್ಟಿಗೆ ಕಲ್ತೈತೆ.”

ಅಡುಗೆಮನೆಯ ಬಾಗಿಲಲ್ಲಿ ಸಾವಿತ್ರಕ್ಕ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡರು. ಇಮ್ತಿಯಾಜ್ ತೊಲೆಯ ಕಡೆ ಮುಖ ಎತ್ತಿ ಜೇಡರ ಬಲೆ ಎಣಿಸತೊಡಗಿದ. ನಾನು ಮೇಷ್ಟ್ರನ್ನೇ ನೋಡಿದೆ. ಲಿನಕ್ಸ್ ಎಂಬ ಹೆಸರನ್ನು ಯಾರಾದರೂ ತಪ್ಪಾಗಿ ಉಚ್ಚರಿಸಿದರೂ ನಿಲ್ಲಿಸಿ ತಿದ್ದುವ ಮನುಷ್ಯ. ಅವರು ಸಾಲುಗಟ್ಟಿದ ನವಿಲುಗಳನ್ನು ನೋಡಿದರು, ಬಗ್ಗಿ ನಿಂತಿದ್ದ ಮಗ್ಗದವರನ್ನು ನೋಡಿದರು.

“ಹೌದಪ್ಪ,” ಎಂದರು. “ಈಗೀಗ ಕಲೀತಾ ಐತೆ.”

ಹಾಗೆಂದು, ಸ್ಟೂಲನ್ನು ಹತ್ತಿರ ಎಳೆದುಕೊಂಡು ಭಾವಮೈದನ ಪಕ್ಕದಲ್ಲಿ ಕೂತು, “ಆ ಗರಿ ಇನ್ನೊಂದು ಎಳೆ ಅಗಲ ಮಾಡು, ನೇಯ್ದ ಮೇಲೆ ಕಿರಿದಾಗ್ತೈತೆ” ಎಂದರು.